ಶಾಲೆಯಲ್ಲಿ ಜಾಣೆ, ಮನೆಗೆ ಬಂದರೆ ರಂಪ

ಪ್ರಶ್ನೆ: ನನ್ನ ಮಗಳಿಗೆ ಆರೂವರೆ ವರ್ಷ, ಒಂದನೇ ತರಗತಿ. ಅವಳ ಟೀಚರ್ ಸಿಕ್ಕಾಗಲೆಲ್ಲ ‘ಇಂಥ ಒಳ್ಳೆಯ ಮಗು ತರಗತಿಯಲ್ಲೇ ಇನ್ನೊಂದಿಲ್ಲ, ಇದ್ದಾಳೋ ಇಲ್ಲವೋ ಅನ್ನುವ ಹಾಗಿರುತ್ತಾಳೆ’ ಎನ್ನುತ್ತಾರೆ. ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಬೇರೆಯೇ ಹುಡುಗಿ. ನೀರು ಕೊಟ್ಟ ಲೋಟ ಬೇರೆಯದಾದರೂ ಸಾಕು, ಕಿರುಚಾಟ. ಬ್ಯಾಗು ಎಸೆಯುತ್ತಾಳೆ, ಎರಡು ವರ್ಷದ ತಮ್ಮನನ್ನು ತಳ್ಳುತ್ತಾಳೆ. ತಡೆಯಲು ಹೋದರೆ ನನಗೇ ಹೊಡೆಯುತ್ತಾಳೆ, ಒಮ್ಮೆ ಕಚ್ಚಿಯೂ ಇದ್ದಾಳೆ. ಒಮ್ಮೊಮ್ಮೆ ಸಾಕಾಗಿ ಮೊಬೈಲ್ ಕೊಟ್ಟುಬಿಡುತ್ತೇನೆ. ಕೊಡದಿದ್ದರೆ ಇಪ್ಪತ್ತು ನಿಮಿಷ ಹೀಗೆ ನಡೆದು, ಆಮೇಲೆ ತಾನಾಗಿಯೇ ಬಂದು ನನ್ನ ಮಡಿಲಲ್ಲಿ ಮಲಗಿ ಬಿಕ್ಕುತ್ತಾಳೆ. ರಾತ್ರಿ ಅವರಪ್ಪ ಬಂದರೆ ಉಸಿರಿಲ್ಲ. ‘ನಿನ್ನ ಕಂಡರೆ ಅವಳಿಗೆ ಭಯವಿಲ್ಲ, ಎರಡು ಬಿಟ್ಟರೆ ಸರಿಹೋಗುತ್ತಾಳೆ’ ಎಂದು ಅವರು. ‘ಅತ್ತಾಗಲೆಲ್ಲ ಎತ್ತಿಕೊಂಡು ಎತ್ತಿಕೊಂಡು ನೀನೇ ಹಾಳು ಮಾಡಿದೆ’ ಎಂದು ಅತ್ತೆ. ಹೋದ ವಾರ ತಡೆಯಲಾರದೆ ಹೊಡೆದು, ಕೋಣೆಗೆ ಹಾಕಿ ಬಾಗಿಲು ಹಾಕಿದೆ. ಅಂದಿನಿಂದ ನನಗೆ ಸಮಾಧಾನವಿಲ್ಲ. ಅವಳು ಅಳುವಾಗ ತಬ್ಬಿಕೊಂಡರೆ ಹಟಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತದೆಯೇ? ಹೊರಗೆಲ್ಲ ಸುಮ್ಮನಿದ್ದು ನನ್ನೆದುರು ಮಾತ್ರ ಹೀಗೆ ಮಾಡುವುದು ಬೇಕೆಂದೇ ಅಲ್ಲವೇ? ಅವಳಿಗೆ ಏನಾದರೂ ತೊಂದರೆ ಇರಬಹುದೇ?

ಉತ್ತರ: ಮನೆಯಲ್ಲಿ ಇವಳು ಯಾಕಿಷ್ಟು ಕೆಟ್ಟದಾಗಿ ನಡೆದುಕೊಳ್ಳುತ್ತಾಳೆ ಎಂದು ನಿಮ್ಮ ಮನೆಯವರೆಲ್ಲ ಕೇಳುತ್ತಿದ್ದೀರಿ. ಪತ್ರ ಓದಿದಾಗ ನನ್ನೊಳಗೆ ಎದ್ದ ಪ್ರಶ್ನೆ ಬೇರೆ: ಶಾಲೆಯಲ್ಲಿ ಇವಳು ಯಾಕಿಷ್ಟು ಒಳ್ಳೆಯದಾಗಿ ನಡೆದುಕೊಳ್ಳುತ್ತಾಳೆ? ‘ಇದ್ದಾಳೋ ಇಲ್ಲವೋ ಅನ್ನುವ ಹಾಗೆ’ ಇರಲು ಆರು ವರ್ಷದ ಮಗು ದಿನವಿಡೀ ಎಷ್ಟು ಪಾಡು ಪಡುತ್ತಿರಬೇಕು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಮಾತುಗಳನ್ನು ನೋಡೋಣ.

‘ಬೇಕೆಂದೇ ಮಾಡುತ್ತಾಳೆ’ ಎಂಬ ಮಾತು. ಶಾಲೆಯಲ್ಲಿ ತಡೆದುಕೊಳ್ಳಬಲ್ಲವಳು ಮನೆಯಲ್ಲೂ ತಡೆದುಕೊಳ್ಳಬಲ್ಲಳು ಎಂಬ ತರ್ಕ ದೊಡ್ಡವರಿಗೆ ಸಹಜವಾಗಿಯೇ ಹೊಳೆಯುತ್ತದೆ. ಆದರೆ ಸಿಟ್ಟು, ನಿರಾಸೆ, ಆಸೆಗಳಿಗೆ ಕಡಿವಾಣ ಹಾಕುವ ಕೆಲಸದಲ್ಲಿ ಬಹುಪಾಲು ಮಾಡುವುದು ಮೆದುಳಿನ ಮುಂಭಾಗ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಆರು ವರ್ಷಕ್ಕೆ ಆ ಶಕ್ತಿ ಇರುತ್ತದೆ, ಆದರೆ ಎಳೆಯದು. ಹಸಿವು, ದಣಿವು, ನಿದ್ದೆಗೇಡು, ಗದ್ದಲ ಇವುಗಳಲ್ಲಿ ಯಾವುದು ಸೇರಿಕೊಂಡರೂ ಸೋಲುತ್ತದೆ. ಅವಳ ಒಂದು ದಿನವನ್ನು ಊಹಿಸಿ ನೋಡಿ. ಗಂಟೆಗಟ್ಟಲೆ ಒಂದೇ ಕಡೆ ಕೂರಬೇಕು. ಉತ್ತರ ಗೊತ್ತಿದ್ದರೂ ಸರದಿಗೆ ಕಾಯಬೇಕು. ಬರೆದದ್ದು ತಪ್ಪಾದರೆ ಎಲ್ಲರೆದುರು ಅಳಿಸಬೇಕು. ‘ನಿನ್ನ ಜೊತೆ ಆಡಲ್ಲ’ ಎಂದು ಯಾರೋ ಅಂದರೆ ಕಣ್ಣೀರು ನುಂಗಬೇಕು. ಇದೆಲ್ಲ ಮುಗಿಸಿ ಮನೆಗೆ ಬಂದವಳು ಕಿರುಚುವುದು ಲೋಟದ ಬಗ್ಗೆ ಅಲ್ಲ. ಲೋಟ ಆ ಹೊತ್ತಿಗೆ ಕೈಗೆ ಸಿಕ್ಕ ನೆಪ.

ನೆಪ ಹುಡುಕುವುದು ಕೂಡ ಅವಳು ಯೋಚಿಸಿ ಮಾಡುವ ಕೆಲಸವಲ್ಲ. ಬೇಕೆಂದೇ ರಂಪ ಮಾಡುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಸಿಕ್ಕ ಕ್ಷಣ ನಿಲ್ಲಿಸುತ್ತದೆ. ಕೇಳಿದ ಲೋಟವನ್ನೇ ತಂದುಕೊಟ್ಟರೂ ಅಳು ನಿಲ್ಲದಿದ್ದರೆ ಅವಳು ನಿಮ್ಮನ್ನು ಆಡಿಸುತ್ತಿಲ್ಲ, ಅವಳಿಗೇ ಅವಳು ಸಿಗುತ್ತಿಲ್ಲ. ಎರಡೂ ಒಂದೇ ಮಗುವಿನಲ್ಲಿ, ಬೇರೆ ಬೇರೆ ದಿನ ಕಾಣಬಹುದು. ಇಂದಿನದು ಯಾವುದು ಎಂದು ಎರಡು ನಿಮಿಷ ಗಮನಿಸಿದರೆ ತಿಳಿಯುತ್ತದೆ.

ನಿಮ್ಮೆದುರೇ ಯಾಕೆ? ಅಮೆರಿಕದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಅಪರಿಚಿತ ಕೋಣೆಯಲ್ಲಿ ತಾಯಿಯಿಂದ ಸ್ವಲ್ಪ ಹೊತ್ತು ಬೇರೆ ಮಾಡಿ, ತಾಯಿ ಮರಳಿದಾಗ ಏನು ಮಾಡುತ್ತವೆ ಎಂದು ನೋಡಿದ್ದರು. ತಾಯಿಯ ಮೇಲೆ ಭರವಸೆ ಗಟ್ಟಿಯಾಗಿರುವ ಮಕ್ಕಳಲ್ಲಿ ಅನೇಕರು ಅವಳು ಹೋದಾಗ ಅತ್ತರು. ಮರಳಿದಾಗ ಅವಳ ಬಳಿಗೇ ಹೋದರು, ಸಮಾಧಾನಗೊಂಡರು, ಮತ್ತೆ ಆಟಕ್ಕೆ ಇಳಿದರು. ಸಂಕಟವನ್ನು ಯಾರ ಮುಂದೆ ಬಿಚ್ಚಬಹುದು ಎಂಬುದು ಆ ಪುಟ್ಟ ಮಕ್ಕಳಿಗೂ ಗೊತ್ತಿತ್ತು. ಹಾಗೆಂದು ಅಮ್ಮನಿಗೆ ಹೊಡೆಯುವುದೇ ಪ್ರೀತಿಯ ಗುರುತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಸಾಲು ಹೊಡೆತದ್ದಲ್ಲ, ಅದರ ನಂತರದ್ದು: ತಾನಾಗಿಯೇ ಬಂದು ಮಡಿಲಲ್ಲಿ ಮಲಗುತ್ತಾಳೆ. ನಿಮ್ಮ ನಡುವಿನ ನಂಟು ಗಟ್ಟಿಯಾಗಿದೆ ಎಂದು ಹೇಳುವುದು ಅದು.

ಇನ್ನು, ತಬ್ಬಿಕೊಂಡರೆ ಹಾಳಾಗುತ್ತಾಳೆ ಎಂಬುದು. ಇದು ನಿಮ್ಮ ಅತ್ತೆಯವರೊಬ್ಬರ ಮಾತಲ್ಲ. ಅಮೆರಿಕದ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲಿ, ಮಕ್ಕಳನ್ನು ಅಪ್ಪಬೇಡಿ, ಮುದ್ದಿಡಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು ತಂದೆತಾಯಿಗೆ ಉಪದೇಶ ಮಾಡಿದ್ದರು. ಆಮೇಲೆ ನಡೆದ ಕೆಲಸ ಬೇರೆ ದಿಕ್ಕು ತೋರಿಸಿತು. ಸಿಲ್ವಿಯಾ ಬೆಲ್ ಮತ್ತು ಐನ್ಸ್‌ವರ್ತ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತ್ತಾಗ ಬೇಗ ಸ್ಪಂದನೆ ಸಿಕ್ಕ ಕೂಸುಗಳು ವರ್ಷದ ಕೊನೆಯ ಹೊತ್ತಿಗೆ ಹೆಚ್ಚು ಅಳುವವರಾಗಲಿಲ್ಲ, ಕಡಿಮೆ ಅಳುವವರಾದರು. ಅದು ಎಳೆಯ ಕೂಸುಗಳ ಮಾತು, ಆರು ವರ್ಷದವರಿಗೆ ನೇರ ಅಂಟಿಸುವಂತಿಲ್ಲ. ಆದರೆ ಸಮಾಧಾನ ಸಿಕ್ಕಿದ ಮಗು ಅಳುಬುರುಕಿಯಾಗುತ್ತದೆ ಎಂಬ ಹೆದರಿಕೆ ನನ್ನ ವೃತ್ತಿಯ ಅನುಭವದಲ್ಲೂ ನಿಜವಾದದ್ದು ಕಂಡಿಲ್ಲ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಬಿಟ್ಟುಕೊಡಬೇಡಿ. ಅಳುವ ಮಗುವಿಗೆ ಸಮಾಧಾನ ಕೊಡುವುದು ಬೇರೆ, ಅತ್ತು ಕೇಳಿದ್ದನ್ನು ಕೊಡುವುದು ಬೇರೆ. ‘ಮೊಬೈಲ್ ಬೇಕು’ ಎಂದು ಕಿರುಚಿದಾಗ ಹತ್ತು ನಿಮಿಷ ಬೇಡ ಎಂದು ಹನ್ನೊಂದನೇ ನಿಮಿಷ ಕೊಟ್ಟರೆ, ಹನ್ನೊಂದು ನಿಮಿಷ ಕಿರುಚಬೇಕು ಎಂಬ ಪಾಠವನ್ನು ನಾವೇ ಕಲಿಸಿದಂತೆ. ಕೊಟ್ಟ ಕ್ಷಣ ಮಗು ಸುಮ್ಮನಾಗುವುದರಿಂದ ನಮಗೂ ಕೊಡುವುದೇ ಅಭ್ಯಾಸವಾಗುತ್ತದೆ. ಹೀಗೆ ತಾಯಿ ಮಗು ಇಬ್ಬರೂ ಒಬ್ಬರಿಗೊಬ್ಬರು ಕಲಿಸಿಕೊಳ್ಳುವ ಈ ಸುಳಿಯನ್ನು ಜೆರಾಲ್ಡ್ ಪ್ಯಾಟರ್ಸನ್ ಎಂಬ ಸಂಶೋಧಕರು ದಶಕಗಳ ಕಾಲ ಮನೆಮನೆಗಳಲ್ಲಿ ನೋಡಿ ವಿವರಿಸಿದ್ದಾರೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ತಬ್ಬಿಕೊಳ್ಳಿ. ಬೇಡ ಎಂದದ್ದು ಬೇಡವಾಗಿಯೇ ಇರಲಿ. ಒಂದೇ ಹೊತ್ತಿನಲ್ಲಿ ಎರಡೂ ಸಾಧ್ಯ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರು ಮನೆಗೆ ಬರುವುದು ರಾತ್ರಿ ಎಂದು ಬರೆದಿದ್ದೀರಿ. ಅಷ್ಟು ಹೊತ್ತಿಗೆ ಮಗಳು ಅತ್ತು, ಬಿಕ್ಕಿ, ಮಡಿಲಲ್ಲಿ ಮಲಗಿ, ತಿಂದು, ಹಗುರಾಗಿದ್ದಾಳೆ. ಅವರಿಗೆ ಸಿಗುವುದು ಬಿರುಗಾಳಿ ಕಳೆದ ಮೇಲಿನ ಮಗು. ಒಂದು ವಾರ ಶಾಲೆ ಬಿಡುವ ಹೊತ್ತಿಗೆ ಅವರೇ ಮನೆಯಲ್ಲಿರಲಿ ಎಂಬುದು ನನ್ನ ಸಲಹೆ. ಮಾತಿನಲ್ಲಿ ಒಪ್ಪಿಸುವುದಕ್ಕಿಂತ ಅದು ಸುಲಭ. ಅವರೆದುರು ಸುಮ್ಮನಿರುವುದು ಭಯದಿಂದಲೇ ಆಗಿದ್ದರೆ, ಭಯ ಮಗುವಿನ ಬಾಯಿ ಮುಚ್ಚಿಸುತ್ತದೆ, ಒಳಗಿರುವ ಸಂಕಟವನ್ನು ಕರಗಿಸುವುದಿಲ್ಲ. ಅದು ಬೆಳಗಿನ ಹೊಟ್ಟೆನೋವಾಗಿಯೋ, ರಾತ್ರಿ ಹಾಸಿಗೆ ಒದ್ದೆಯಾಗುವುದಾಗಿಯೋ, ತಮ್ಮನಿಗೆ ಕದ್ದು ಚಿವುಟುವುದಾಗಿಯೋ ಹೊರಬರುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ.

ಹೊಡೆತದ ವಿಷಯ. ಎಲಿಜಬೆತ್ ಗರ್ಷಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಸುಮಾರು 1.6 ಲಕ್ಷ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದರು. ಪೆಟ್ಟು ತಿನ್ನುವುದಕ್ಕೂ ಆಕ್ರಮಣಶೀಲತೆ, ಮನೋವ್ಯಥೆ, ತಂದೆತಾಯಿಯ ಜೊತೆಗಿನ ಬಿರುಕು ಇವು ಹೆಚ್ಚಾಗುವುದಕ್ಕೂ ನಂಟು ಕಂಡಿತು. ಪೆಟ್ಟೇ ಇದಕ್ಕೆಲ್ಲ ಕಾರಣ ಎಂದು ಇಂಥ ಲೆಕ್ಕ ಒಂದರಿಂದಲೇ ಸಾಧಿಸಲಾಗದು, ನಿಜ. ಆದರೆ ಹೊಡೆದದ್ದರಿಂದ ಮಕ್ಕಳ ನಡತೆ ಸುಧಾರಿಸಿತು ಎಂಬುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ನಿಮ್ಮ ಮನೆಯಲ್ಲಂತೂ ಇನ್ನೊಂದು ತೊಡಕಿದೆ. ಹೊಡೆಯಬಾರದು ಎಂದು ಕಲಿಯಬೇಕಾದವಳಿಗೆ ಹೊಡೆದೇ ಕಲಿಸಲು ಹೊರಟರೆ ಅವಳು ಯಾವುದನ್ನು ನಂಬಬೇಕು?

ಈಗ, ರಂಪ ನಡೆಯುವ ಆ ಇಪ್ಪತ್ತು ನಿಮಿಷ. ಮೈಕಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ ಒಂದೂವರೆಯಿಂದ ಐದು ವರ್ಷದ ಮಕ್ಕಳ ರಂಪಾಟವನ್ನು ಬಿಡಿಬಿಡಿಯಾಗಿ ಅಧ್ಯಯನ ಮಾಡಿದವರು. ಸಿಟ್ಟು ಆರಂಭದಲ್ಲೇ ತುದಿಗೇರಿ ಇಳಿಯುತ್ತದೆ. ದುಃಖ ಮಾತ್ರ ಮೊದಲಿಂದ ಕೊನೆಯವರೆಗೂ ಅಡಿಯಲ್ಲಿ ಹರಿಯುತ್ತಿರುತ್ತದೆ ಎಂದು ಅವರು ಕಂಡರು. ನಿಮ್ಮ ಮಗಳು ಸ್ವಲ್ಪ ದೊಡ್ಡವಳಾದರೂ ನೀವು ವರ್ಣಿಸಿದ ಕ್ರಮ ಅದೇ: ಮೊದಲು ಎಸೆತ, ಹೊಡೆತ, ಕೊನೆಗೆ ಬಿಕ್ಕು, ಮಡಿಲು. ಸಿಟ್ಟಿನ ತುದಿಯಲ್ಲಿ ಬುದ್ಧಿ ಹೇಳಿದರೆ, ಪ್ರಶ್ನೆ ಕೇಳಿದರೆ, ‘ತಮ್ಮನನ್ನು ನೋಡು ಎಷ್ಟು ಜಾಣ’ ಎಂದರೆ ಅದು ಇನ್ನಷ್ಟು ಉರಿಯುತ್ತದೆ. ಆಗ ಮಾತು ಕಡಿಮೆ ಮಾಡಿ. ಮೊದಲು ತಮ್ಮನನ್ನು ಅಲ್ಲಿಂದ ಎತ್ತಿಕೊಂಡು ಹೋಗಿ ಅತ್ತೆಯವರ ಬಳಿ ಬಿಡಿ. ಮಗಳನ್ನು ಎಳೆದೊಯ್ಯುವುದಕ್ಕಿಂತ ಮಗುವನ್ನು ದೂರ ಮಾಡುವುದು ಲೇಸು. ಆಮೇಲೆ ಅವಳ ಎತ್ತರಕ್ಕೆ ಕುಳಿತು, ಕೈ ಎತ್ತಿದರೆ ಮಣಿಕಟ್ಟನ್ನು ಮೆಲ್ಲಗೆ ಹಿಡಿದು, ‘ಹೊಡೆಯೋಕೆ ಬಿಡಲ್ಲ. ಇಲ್ಲೇ ಇದೀನಿ’ ಎನ್ನಿ. ಅಷ್ಟೇ ಸಾಕು. ‘ನಿನಗೆ ತುಂಬಾ ಸಿಟ್ಟು ಬಂದಿದೆ ಅಲ್ವಾ’ ಎಂದು ಭಾವನೆಗೆ ಹೆಸರು ಕೊಡುವ ವಿಧಾನವನ್ನು ಎಲ್ಲೆಡೆ ಹೇಳಿಕೊಡುತ್ತಾರೆ. ಕೆಲವು ಮಕ್ಕಳಿಗೆ ಅದು ಹಿಡಿಸುತ್ತದೆ, ಕೆಲವರು ಇನ್ನೂ ಕೆರಳುತ್ತಾರೆ. ಕೆರಳಿದರೆ ಬಿಟ್ಟುಬಿಡಿ, ಸುಮ್ಮನೆ ಕುಳಿತಿರಿ. ‘ಹೋಗು, ಮುಟ್ಟಬೇಡ’ ಎಂದರೆ ನಾಲ್ಕು ಹೆಜ್ಜೆ ದೂರ ಕುಳಿತುಕೊಳ್ಳಿ, ಕೋಣೆ ಬಿಟ್ಟು ಹೋಗಬೇಡಿ.

ಈ ದಾರಿಗೂ ಅದರದ್ದೇ ಅಪಾಯಗಳಿವೆ. ಒಂದು, ಇದು ನಿಧಾನ. ಇಷ್ಟು ದಿನ ಒಮ್ಮೊಮ್ಮೆಯಾದರೂ ಅತ್ತಾಗ ಮೊಬೈಲ್ ಸಿಗುತ್ತಿತ್ತಾದ್ದರಿಂದ, ಈಗ ಸಿಗುವುದಿಲ್ಲ ಎಂದಾದಾಗ ರಂಪ ಕಡಿಮೆಯಾಗುವ ಮೊದಲು ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ. ಬಹುಪಾಲು ತಂದೆತಾಯಿ ಕೈಬಿಡುವುದು ಅಲ್ಲೇ, ‘ಮಾಡಿ ನೋಡಿದೆವು, ಇನ್ನೂ ಕೆಟ್ಟಿತು’ ಎಂದು. ಎರಡನೆಯದು ನಿಮ್ಮ ಸುಸ್ತು. ನಿಮಗೆ ಕೈ ಎತ್ತುವಷ್ಟು ಸಿಟ್ಟು ಬಂದಿದೆ ಎಂದು ಗೊತ್ತಾದ ದಿನ, ಪಕ್ಕದಲ್ಲಿ ಕುಳಿತಿರಲೇಬೇಕು ಎಂದು ಹಟ ಮಾಡಬೇಡಿ. ‘ಮುಖ ತೊಳೆದು ಬರ್ತೀನಿ, ಬಂದೇ ಬರ್ತೀನಿ’ ಎಂದು ಹೇಳಿ, ಅತ್ತೆಯವರನ್ನು ಅಲ್ಲಿ ಕೂರಿಸಿ, ಹೋಗಿ, ಹೇಳಿದಂತೆ ಮರಳಿ ಬನ್ನಿ. ಮೂರನೆಯದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುವುದು. ಎಲ್ಲರೂ ಎಲ್ಲದಕ್ಕೂ ಒಪ್ಪಬೇಕಿಲ್ಲ. ಹೊಡೆಯುವುದಿಲ್ಲ, ಅಳುವಾಗ ಮೊಬೈಲ್ ಕೊಡುವುದಿಲ್ಲ, ಈ ಎರಡಕ್ಕೆ ಮೂವರೂ ಒಪ್ಪಿದರೆ ಆಯಿತು.

ಕೋಣೆಗೆ ಹಾಕಿ ಬಾಗಿಲು ಮುಚ್ಚುವುದನ್ನು ‘ಟೈಮ್‌ಔಟ್’ ಎಂದು ಕರೆಯುವ ರೂಢಿ ಬಂದಿದೆ. ತಜ್ಞರು ತರಬೇತಿಯಲ್ಲಿ ಕಲಿಸುವ ಟೈಮ್‌ಔಟ್ ಅದಲ್ಲ. ಅಲ್ಲಿ ಮೊದಲೇ, ಎಲ್ಲರೂ ಸಮಾಧಾನವಾಗಿರುವಾಗ, ಮಗುವಿಗೆ ವಿವರಿಸಿರುತ್ತಾರೆ. ಹೊಡೆಯುವಂಥ ಒಂದೆರಡು ನಡತೆಗೆ ಮಾತ್ರ ಬಳಸುತ್ತಾರೆ. ಕೆಲವೇ ನಿಮಿಷ, ಕಣ್ಣಳತೆಯಲ್ಲೇ, ಬೈಗುಳವಿಲ್ಲದೆ. ಮುಗಿದ ಮೇಲೆ ಆ ವಿಷಯ ಮತ್ತೆ ಎತ್ತುವುದಿಲ್ಲ. ಸಿಟ್ಟಿನಲ್ಲಿ ನೂಕಿ ಬಾಗಿಲು ಹಾಕಿದಾಗ ಮಗುವಿಗೆ ಅರ್ಥವಾಗುವುದು ಒಂದೇ: ನಾನು ಕೈಮೀರಿದಾಗ ಇವರು ನನ್ನನ್ನು ಬಿಟ್ಟುಬಿಡುತ್ತಾರೆ. ದಣಿದು ಬಂದು ಕುಸಿಯುವ ನಿಮ್ಮ ಮಗಳಂಥವರಿಗೆ ಸರಿಯಾದ ಟೈಮ್‌ಔಟ್ ಕೂಡ ನನ್ನ ಮೊದಲ ಆಯ್ಕೆಯಲ್ಲ.

ಹೋದ ವಾರದ ಹೊಡೆತ ಇನ್ನೂ ನಿಮ್ಮನ್ನು ಕೊರೆಯುತ್ತಿದೆ. ಅದನ್ನು ಅವಳ ಜೊತೆ ಮಾತಾಡಿ ಮುಗಿಸಿ, ವಾರ ಕಳೆದಿದ್ದರೂ ತಡವಾಗಿಲ್ಲ. ‘ಅವತ್ತು ನಾನು ಹೊಡೆದದ್ದು ತಪ್ಪು. ನನಗೆ ಸಿಟ್ಟು ತಡೆಯೋಕಾಗಲಿಲ್ಲ. ನಿನಗೆ ಭಯ ಆಗಿರಬೇಕು’ ಎನ್ನಿ. ‘ಆದರೆ ನೀನು ಹಾಗೆ ಮಾಡಿದ್ದಕ್ಕೇ ಅಲ್ವಾ’ ಎಂದು ಬಾಲ ಸೇರಿಸಬೇಡಿ. ಆ ‘ಆದರೆ’ ಇಡೀ ಮಾತನ್ನು ಅಳಿಸಿಹಾಕುತ್ತದೆ. ಕೂಸುಗಳು ಮತ್ತು ತಾಯಂದಿರ ಮುಖಾಮುಖಿಯನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಎಡ್ವರ್ಡ್ ಟ್ರಾನಿಕ್ ತೋರಿಸಿಕೊಟ್ಟದ್ದು ಇದನ್ನೇ: ಚೆನ್ನಾಗಿರುವ ಜೋಡಿಗಳಲ್ಲೂ ತಾಳ ತಪ್ಪುವುದು ದಿನನಿತ್ಯದ ಸಂಗತಿ, ತಪ್ಪಿದ ಮೇಲೆ ಮತ್ತೆ ಕೂಡಿಕೊಳ್ಳುವುದರಲ್ಲಿ ಮಗುವಿನ ಭರವಸೆ ಬೆಳೆಯುತ್ತದೆ. ಅವಳ ಕಡೆಯಿಂದಲೂ ಸರಿಪಡಿಸುವ ಕೆಲಸವಿರಲಿ. ‘ಸಾರಿ ಹೇಳು’ ಎಂದು ಒತ್ತಾಯಿಸುವ ಬದಲು, ಎಸೆದ ಬ್ಯಾಗನ್ನು ಇಬ್ಬರೂ ಸೇರಿ ಎತ್ತಿಡಿ. ತಮ್ಮನಿಗೆ ಎಲ್ಲಿ ನೋವಾಯಿತು ಎಂದು ಅವಳೇ ಹೋಗಿ ನೋಡಲಿ.

ತಮ್ಮನ ವಿಷಯ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ಅಷ್ಟು ಚಿಕ್ಕದಲ್ಲ. ಅವಳಿಗೆ ನಾಲ್ಕೂವರೆ ತುಂಬುವವರೆಗೆ ನೀವು ಅವಳೊಬ್ಬಳಿಗೇ ಸೇರಿದವರು. ಈಗ ಅವಳು ಶಾಲೆಗೆ ಹೋಗುತ್ತಾಳೆ, ಅವನು ದಿನವಿಡೀ ನಿಮ್ಮ ಜೊತೆ. ಅವಳು ಬಾಗಿಲಲ್ಲಿ ಕಾಲಿಟ್ಟಾಗ ನಿಮ್ಮ ಸೊಂಟದ ಮೇಲೆ ಅವನಿರುತ್ತಾನೆ, ಅಲ್ಲವೇ? ‘ನೀನು ದೊಡ್ಡವಳು’ ಎಂಬ ಮಾತು ಆ ಕ್ಷಣದಲ್ಲಿ ಅವಳಿಗೆ ಕೇಳಿಸುವುದು ‘ನಿನ್ನ ಸರದಿ ಮುಗಿಯಿತು’ ಎಂದೇ. ಶಾಲೆಯಿಂದ ಬಂದ ಮೊದಲ ಹದಿನೈದು ನಿಮಿಷ ಅವನನ್ನು ಬೇರೆ ಯಾರಾದರೂ ನೋಡಿಕೊಳ್ಳುವಂತೆ ಮಾಡಿ, ಕೈ ಖಾಲಿ ಇಟ್ಟುಕೊಂಡು ಅವಳನ್ನು ಬರಮಾಡಿಕೊಳ್ಳಿ. ಆ ಹೊತ್ತಿನಲ್ಲಿ ‘ಇವತ್ತು ಏನು ಕಲಿಸಿದರು, ಡಬ್ಬಿ ಖಾಲಿ ಮಾಡಿದ್ಯಾ, ಹೋಮ್‌ವರ್ಕ್ ಏನಿದೆ’ ಎಂಬ ವಿಚಾರಣೆ ಬೇಡ. ನೀರು, ತಿನ್ನಲು ಏನಾದರೂ, ಮೂತ್ರಕ್ಕೆ ಹೋಗಿ ಬರುವುದು, ಬಟ್ಟೆ ಬದಲಿಸುವುದು. ಆಮೇಲೆ ಅವಳಿಗೆ ಏನು ಬೇಕೋ ಅದು. ಕೆಲವು ಮಕ್ಕಳಿಗೆ ಓಡಾಡಬೇಕು, ಕೆಲವರಿಗೆ ಮೂಲೆಯಲ್ಲಿ ಒಬ್ಬರೇ ಬಿದ್ದುಕೊಳ್ಳಬೇಕು. ಹೋಮ್‌ವರ್ಕ್ ಒಂದು ಗಂಟೆ ತಡವಾದರೆ ಏನೂ ಕೆಡುವುದಿಲ್ಲ.

ಆ ಹದಿನೈದು ನಿಮಿಷವನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ. ಬೆಳಿಗ್ಗೆ ರಂಪ ಮಾಡಿದ ದಿನವೂ ಅದು ಅವಳದೇ.

ನಿದ್ದೆಯನ್ನೂ ಎಣಿಸಿ ನೋಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂಬುದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಶಿಫಾರಸು. ಅಪ್ಪನಿಗಾಗಿ ರಾತ್ರಿ ಕಾದು ಮಲಗುವ ಮಗು ಆ ಲೆಕ್ಕ ಮುಟ್ಟುವುದು ಕಷ್ಟ.

ಇಷ್ಟು ಹೇಳಿ ಈಗ ಶಾಲೆಗೆ ಬರುತ್ತೇನೆ. ರಜೆಯ ದಿನಗಳಲ್ಲೂ ಸಂಜೆ ಹೀಗೇ ಆಗುತ್ತದೆಯೇ ಎಂದು ನೀವು ಬರೆದಿಲ್ಲ. ರಜೆಯಲ್ಲಿ ಶಾಂತವಾಗಿದ್ದು ಶಾಲೆಯ ದಿನಗಳಲ್ಲಿ ಮಾತ್ರ ಹೀಗಾದರೆ ಅವಳು ಅಲ್ಲಿಂದ ಏನನ್ನೋ ಹೊತ್ತು ತರುತ್ತಿದ್ದಾಳೆ. ಅದು ಬರೀ ದಣಿವೂ ಆಗಿರಬಹುದು. ಒಂದನೇ ತರಗತಿಯ ಆರಂಭದಲ್ಲಿ ತುಂಬಾ ಮಕ್ಕಳಿಗೆ ಅಷ್ಟೇ ಇರುತ್ತದೆ, ಕೆಲವು ತಿಂಗಳಲ್ಲಿ ಹದಕ್ಕೆ ಬರುತ್ತಾರೆ. ಆದರೆ ‘ಬಹಳ ಒಳ್ಳೆಯ ಮಗು’ ಎಂಬ ಹೊಗಳಿಕೆಯ ಹಿಂದೆ ಬೇರೆ ಸಂಗತಿಗಳೂ ಅಡಗಿರುತ್ತವೆ. ಓದಲು ಕಷ್ಟವಾಗುವ ಮಗು ಪಕ್ಕದವರನ್ನು ನೋಡಿ ಬರೆದು, ತಲೆ ತಗ್ಗಿಸಿ ಕುಳಿತು ದಿನ ತಳ್ಳುತ್ತದೆ. ಕಿವಿ ಮಂದವಿರುವ, ಹಲಗೆ ಸರಿಯಾಗಿ ಕಾಣದ ಮಗು ಎಲ್ಲರಿಗಿಂತ ಹೆಚ್ಚು ಗಮನ ಕೊಟ್ಟು ಸುಸ್ತಾಗುತ್ತದೆ. ಕಾಟ ಕೊಡುವವರಿಂದ ತಪ್ಪಿಸಿಕೊಳ್ಳಲು ಇಲ್ಲದವಳಂತೆ ಇರುವುದನ್ನು ಕಲಿಯುವವರಿದ್ದಾರೆ. ಆಟಿಸಂ ಲಕ್ಷಣಗಳಿರುವ ಹುಡುಗಿಯರಲ್ಲಿ ಅನೇಕರು ಬೇರೆಯವರನ್ನು ನೋಡಿ ಅನುಕರಿಸಿ ಎಲ್ಲರಂತೆ ಕಾಣಿಸಿಕೊಳ್ಳುವುದರಿಂದ ಶಾಲೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇವುಗಳಲ್ಲಿ ಯಾವುದೋ ನಿಮ್ಮ ಮಗಳಿಗಿದೆ ಎಂದು ನಾನು ಹೇಳುತ್ತಿಲ್ಲ. ಗದ್ದಲ ಮಾಡುವ ಮಗುವಿನ ಕಡೆ ಎಲ್ಲರೂ ನೋಡುತ್ತಾರೆ, ಸದ್ದಿಲ್ಲದ ಮಗುವನ್ನು ಯಾರೂ ಕೇಳುವುದಿಲ್ಲ. ಆ ಕೇಳುವ ಕೆಲಸ ನೀವು ಮಾಡಬೇಕಾಗುತ್ತದೆ.

ಟೀಚರ್ ಬಳಿ ‘ಹೇಗಿದ್ದಾಳೆ’ ಎಂದು ಕೇಳಿದರೆ ‘ಗುಡ್ ಗರ್ಲ್’ ಎಂದೇ ಉತ್ತರ ಬರುತ್ತದೆ. ಬಿಡುವಿನಲ್ಲಿ ಯಾರ ಜೊತೆ ಇರುತ್ತಾಳೆ? ತಾನಾಗಿ ಕೈ ಎತ್ತುತ್ತಾಳೆಯೇ? ಮೂತ್ರಕ್ಕೆ ಹೋಗಬೇಕಾದರೆ ಕೇಳುತ್ತಾಳೆಯೇ, ತಡೆದುಕೊಂಡೇ ಇರುತ್ತಾಳೆಯೇ? ತಪ್ಪಾದಾಗ ಮುಖ ಹೇಗಾಗುತ್ತದೆ? ಗಟ್ಟಿಯಾಗಿ ಓದಲು ಹೇಳಿದರೆ ಓದುತ್ತಾಳೆಯೇ? ಇಂಥ ಪ್ರಶ್ನೆಗಳನ್ನು ಕೇಳಿ. ಮನೆಯ ವಿಷಯವನ್ನೂ ಅವರಿಗೆ ಹೇಳಿ, ನಾಚಿಕೊಳ್ಳಬೇಡಿ. ಒಳ್ಳೆಯ ಟೀಚರ್ ಮರುದಿನದಿಂದಲೇ ಅವಳನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಅವಳನ್ನು ಎದುರು ಕೂರಿಸಿ ಕೇಳಿದರೆ ‘ಏನಿಲ್ಲ’ ಎನ್ನುತ್ತಾಳೆ. ‘ಶಾಲೆ ಆಟ’ ಆಡಿ, ಅವಳು ಟೀಚರ್, ನೀವು ವಿದ್ಯಾರ್ಥಿ. ನೀವು ಬೇಕೆಂದೇ ಒಂದು ಉತ್ತರ ತಪ್ಪು ಹೇಳಿ, ಅವಳು ಏನು ಮಾಡುತ್ತಾಳೆ ನೋಡಿ. ತರಗತಿಯಲ್ಲಿ ನಡೆಯುವುದು, ಅಥವಾ ನಡೆದೀತೆಂದು ಅವಳು ಹೆದರುವುದು, ಅವಳ ದನಿಯಲ್ಲೇ ಹೊರಬರುತ್ತದೆ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸಲು ಆತುರಪಡಬೇಡಿ, ತಿದ್ದಲೂ ಹೋಗಬೇಡಿ. ಅನುಮಾನ ಬಂದದ್ದನ್ನು ಶಾಲೆಯಲ್ಲಿ ಸಮಾಧಾನವಾಗಿ ವಿಚಾರಿಸಿ.

ತೊಂದರೆ ಇದೆಯೇ ಎಂಬ ನಿಮ್ಮ ಕೊನೆಯ ಪ್ರಶ್ನೆ. ನೀವು ಬರೆದದ್ದಷ್ಟರಿಂದ ನಾನು ಯಾವ ರೋಗದ ಹೆಸರನ್ನೂ ಹೇಳಲಾರೆ. ಆದರೂ ಮನೆಯಲ್ಲಿ ಹೀಗೆ ಬದಲಾವಣೆ ಮಾಡಿಕೊಂಡು ಒಂದೂವರೆ ಎರಡು ತಿಂಗಳಾದರೂ ಏನೂ ಇಳಿಯದಿದ್ದರೆ ಮಕ್ಕಳ ತಜ್ಞರನ್ನು ಕಾಣಿ. ಅಷ್ಟು ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ: ಅವಳು ತಲೆ ಚಚ್ಚಿಕೊಂಡೋ ಪರಚಿಕೊಂಡೋ ತನಗೇ ನೋವು ಮಾಡಿಕೊಂಡರೆ, ‘ನಾನು ಸತ್ತು ಹೋಗಬೇಕು’ ಎಂಬಂಥ ಮಾತಾಡಿದರೆ, ತಮ್ಮನಿಗೆ ಗಾಯವಾಗುವಷ್ಟು ಹೊಡೆದರೆ, ಶಾಲೆಗೆ ಹೋಗಲು ಭಯಪಟ್ಟರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡು ಕುಗ್ಗಿದರೆ, ಅಥವಾ ಇದೆಲ್ಲ ಒಂದು ದಿನದಿಂದ ಇನ್ನೊಂದು ದಿನಕ್ಕೆ ಇದ್ದಕ್ಕಿದ್ದಂತೆ ಆರಂಭವಾಗಿದ್ದರೆ. ಮೊದಲು ಮಕ್ಕಳ ವೈದ್ಯರ ಬಳಿ ಕಣ್ಣು, ಕಿವಿ, ರಕ್ತಹೀನತೆ, ನಿದ್ದೆ ಇಷ್ಟನ್ನು ನೋಡಿಸಿ, ಆಮೇಲೆ ಮಕ್ಕಳ ಮನಶ್ಶಾಸ್ತ್ರಜ್ಞರ ಬಳಿ ಹೋಗಿ. ಹೋಗುವ ಮುನ್ನ ಎರಡು ವಾರ ಒಂದು ಹಾಳೆಯಲ್ಲಿ ಬರೆದಿಡಿ: ರಂಪ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತು ನಡೆಯಿತು, ಅದಕ್ಕೂ ಮುಂಚೆ ಏನಾಗಿತ್ತು, ಹಿಂದಿನ ರಾತ್ರಿ ಎಷ್ಟು ಮಲಗಿದ್ದಳು, ಅಂದು ಶಾಲೆ ಇತ್ತೇ ರಜೆಯೇ, ಯಾವುದರಿಂದ ಸಮಾಧಾನವಾಯಿತು. ಆ ಹಾಳೆಯನ್ನು ಜೊತೆಗೆ ಕೊಂಡೊಯ್ಯಿರಿ, ಸಾಧ್ಯವಾದರೆ ಮಗುವಿನ ಅಪ್ಪನನ್ನೂ.